ಮಳೆಗಾಲದ ಫೀಡ್‌ಲೈನ್: ನೀರು ಎಲ್ಲಿ ಹೊಕ್ಕಿದೆ ಎಂದು ಹುಡುಕುವ ಬಗೆ

ಕಳಿಸಿದ ಶಕ್ತಿಯಲ್ಲಿ ಎಷ್ಟು ಮರಳಿ ಬರುತ್ತಿದೆ ಎಂದು ಹೇಳುವ ಎಸ್‌ಡಬ್ಲ್ಯೂಆರ್ ಮೀಟರ್ 1.3 ತೋರಿಸುತ್ತಿದೆ (1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು), ಆದರೆ ದಿನವೂ ಸಲೀಸಾಗಿ ಸಿಗುತ್ತಿದ್ದ ರಿಪೀಟರ್ (ಸಂಕೇತ ಹಿಡಿದು ಮರುಪ್ರಸಾರ ಮಾಡುವ ಸ್ಟೇಶನ್) ಈಗ ಸಿಗುತ್ತಿಲ್ಲ. ಮಳೆಗಾಲದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಟೇಶನ್‌ಗೆ ಬರುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇದೇ. ಮೀಟರ್ ಚೆನ್ನಾಗಿದೆ ಎಂದಿತಲ್ಲ, ಆದ್ದರಿಂದ ರೇಡಿಯೊ ಕೆಟ್ಟಿರಬೇಕು ಎಂದುಕೊಂಡು ಜನ ಸೆಟ್ಟನ್ನೇ ಬಿಚ್ಚಲು ಕೂರುತ್ತಾರೆ.

ಗುಟ್ಟು ಇರುವುದು ಫೀಡ್‌ಲೈನಿನಲ್ಲಿ, ಅಂದರೆ ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನಲ್ಲಿ. ಲೆಕ್ಕ ಹಾಕಿದರೆ ಅದು ತಿಳಿಯುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ 100 ಮೀಟರಿಗೆ ಸುಮಾರು 18ರಿಂದ 20 ಡಿಬಿ (ಡೆಸಿಬೆಲ್; 3 ಡಿಬಿ ಹೋದರೆ ಶಕ್ತಿ ಅರ್ಧ) ನುಂಗುತ್ತದೆ. 30 ಮೀಟರ್ ಎಳೆದಿದ್ದರೆ ಒಣ ಕೇಬಲ್ಲಿನಲ್ಲೇ 6 ಡಿಬಿ ಹೋಯಿತು. 25 ವ್ಯಾಟ್ ಕಳಿಸಿದರೆ ಮೇಲಕ್ಕೆ ಮುಟ್ಟುವುದು 6 ವ್ಯಾಟ್ ಮಾತ್ರ. ಆಂಟೆನಾ ಪೂರ್ತಿ ಕಳಚಿಕೊಂಡಿದ್ದರೂ ಅಲ್ಲಿಂದ ಮರಳುವ ಶಕ್ತಿ ಇನ್ನೊಂದು 6 ಡಿಬಿ ಕಳೆದುಕೊಂಡೇ ಕೆಳಗಿಳಿಯಬೇಕು. ಹಾಗಾಗಿ ಆಂಟೆನಾ ಇಲ್ಲದ ಲೈನಿಗೂ ಮೀಟರ್ 1.7 ತೋರಿಸುತ್ತದೆ. ನೀರು ಹೊಕ್ಕು ಇನ್ನೊಂದು 3 ಡಿಬಿ ನಷ್ಟ ಕೂಡಿತೆನ್ನಿ, ಅದೇ ಮೀಟರ್ 1.3ಕ್ಕೆ ಇಳಿದು ನಿಮ್ಮನ್ನು ಸಮಾಧಾನಪಡಿಸುತ್ತದೆ. ಮಳೆ ಹಿಡಿದ ಮೇಲೆ ಎಸ್‌ಡಬ್ಲ್ಯೂಆರ್ ಸುಧಾರಿಸಿತು ಎಂದರೆ ಸಂಭ್ರಮಪಡಬೇಡಿ, ಅನುಮಾನಪಡಿ. ಅಳೆಯಬೇಕಾದದ್ದು ಲೈನಿನ ನಷ್ಟವನ್ನು.

ಮೊದಲು ಗಡಿಯಾರ

ಉಪಕರಣ ಕೈಗೆತ್ತಿಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಳೆ ಶುರುವಾದ ಎಷ್ಟು ಹೊತ್ತಿಗೆ ತೊಂದರೆ ಬಂತು, ಹೊಳವಾದ ಎಷ್ಟು ಹೊತ್ತಿಗೆ ಹೋಯಿತು? ಅರ್ಧ ಪತ್ತೆ ಇಲ್ಲೇ ಮುಗಿಯುತ್ತದೆ.

ಹನಿ ಬಿದ್ದ ಐದು–ಹತ್ತು ನಿಮಿಷಕ್ಕೆ ರೀಡಿಂಗ್ ಬದಲಾಗಿ, ಮಳೆ ನಿಂತು ಗಾಳಿ ಬೀಸಿದ ಅರ್ಧ ಗಂಟೆಗೆ ಮೊದಲಿನಂತಾದರೆ ಅದು ಹೊರಮೈಯ ನೀರು. ಲ್ಯಾಡರ್ ಲೈನ್ (ಏಣಿಯಂತೆ ಎರಡು ಸಮಾನಾಂತರ ತಂತಿಯ ಫೀಡ್‌ಲೈನ್) ನೆನೆದಿರಬಹುದು, ಡೈಪೋಲ್‌ನ (ಎರಡು ತೋಳಿನ ತಂತಿ ಆಂಟೆನಾದ) ತುದಿ ಒದ್ದೆ ಎಲೆಗೆ ತಾಗುತ್ತಿರಬಹುದು, ಇನ್ಸುಲೇಟರ್ ಮೇಲೆ ಕೊಳೆ ಕೂತಿರಬಹುದು. ಕೋಆಕ್ಸ್ ಕೇಬಲ್ಲಿನ (ನಡುವೆ ಒಳತಂತಿ, ಅದರ ಸುತ್ತ ಬ್ರೇಡ್ ಎಂಬ ತಾಮ್ರದ ಹೆಣಿಗೆ) ಒಳಗೆ ಹೋದ ನೀರು ಹೀಗೆ ಬಂದು ಹೀಗೆ ಹೋಗುವುದಿಲ್ಲ.

ಒಂದೆರಡು ಜಡಿಮಳೆ ಕಳೆದ ಮೇಲೆ ಶುರುವಾಗಿ, ಬಿಸಿಲು ಬಿದ್ದರೂ ದಿನಗಟ್ಟಲೆ ಎಳೆದಾಡಿದರೆ ಕನೆಕ್ಟರ್ ಅಥವಾ ಫೀಡ್‌ಪಾಯಿಂಟಿನಲ್ಲಿ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗದಲ್ಲಿ) ನೀರು ಸೇರಿದೆ. ಕೆಲವೊಮ್ಮೆ ಬಿಸಿಲು ಬಿದ್ದ ಮಧ್ಯಾಹ್ನವೇ ಹೆಚ್ಚು ಕೆಡುತ್ತದೆ: ಒಳಗಿನ ನೀರು ಕಾದು ಆವಿಯಾಗಿ ಒಣಗಿದ್ದ ಭಾಗಕ್ಕೂ ಹರಡುತ್ತದೆ.

ಮಳೆಯ ಜೊತೆ ಸಂಬಂಧವೇ ಕಡಿದುಹೋಗಿ ಪ್ರತಿ ವರ್ಷ ಒಂದಿಷ್ಟು ಕಿವುಡಾಗುತ್ತ ಬಂದಿದ್ದರೆ ಬ್ರೇಡ್‌ಗೆ ಕಿಲುಬು ಹಿಡಿದಿದೆ. ಅದಕ್ಕೆ ಮದ್ದಿಲ್ಲ, ಕೇಬಲ್ ಬದಲಿಸಬೇಕು.

ಇನ್ನೊಂದು ಗುರುತು ಕರಾವಳಿಯವರಿಗೆ. ಜನವರಿಯಿಂದ ಮೇವರೆಗೆ ಇನ್ಸುಲೇಟರ್ ಮೇಲೆ ಉಪ್ಪು, ಕೆಮ್ಮಣ್ಣಿನ ಧೂಳು ಕೂತಿರುತ್ತದೆ. ಭರಣಿ, ಕೃತ್ತಿಕೆಯ ಮೊದಲ ಸಣ್ಣ ಮಳೆ ಅದನ್ನು ತೊಳೆಯುವಷ್ಟು ಜೋರಾಗಿರುವುದಿಲ್ಲ, ಕಲಸುವಷ್ಟು ಮಾತ್ರ ಇರುತ್ತದೆ. ಆ ಕೆಸರು ಒಳ್ಳೆಯ ವಾಹಕ. ಆರಿದ್ರ ಮಳೆ ಹಿಡಿದು ಸುರಿದ ಮೇಲೆ ತೊಂದರೆ ತಾನಾಗಿ ಮಾಯವಾದರೆ ದೋಷ ಕೊಳೆಯದ್ದು, ಕೇಬಲ್ಲಿನದ್ದಲ್ಲ.

ಏರುವ ಮುನ್ನ

ಗುಡುಗು ಕೇಳುತ್ತಿದ್ದರೆ ಕೆಲಸ ಬೇಡ. ಪಾಚಿ ಕಟ್ಟಿದ ತಾರಸಿಯಲ್ಲಿ, ಒದ್ದೆ ಅಡಿಕೆ ಮರದಲ್ಲಿ ರಿಪೇರಿ ಬೇಡ. ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ನೆಲದಲ್ಲಿ ನಿಂತೇ ಮಾಡಬಹುದು. ಲೈನನ್ನು ರೇಡಿಯೊದಿಂದ ಬಿಚ್ಚಿದೊಡನೆ ಒಳತಂತಿಯನ್ನೂ ಬ್ರೇಡನ್ನೂ ಒಮ್ಮೆ ಶಾರ್ಟ್ ಮಾಡಿ. ಆಂಟೆನಾದಲ್ಲಿ ಕೂಡಿದ ಸ್ಥಿರ ವಿದ್ಯುತ್ತು ನ್ಯಾನೊ ವಿಎನ್‌ಎಯನ್ನು (ಆಂಟೆನಾ, ಕೇಬಲ್ ಪರೀಕ್ಷಿಸುವ ಪುಟ್ಟ ಉಪಕರಣ) ಕ್ಷಣದಲ್ಲಿ ಕೊಲ್ಲುತ್ತದೆ.

ಮಲ್ಟಿಮೀಟರ್ ಹೇಳುವುದು

ಎರಡೂ ತುದಿ ಬಿಡಿಸಿದ ಕೇಬಲ್ಲಿನಲ್ಲಿ ಒಳತಂತಿಗೂ ಬ್ರೇಡಿಗೂ ನಡುವೆ ಮೀಟರಿನ ಅತಿ ಎತ್ತರದ ರೇಂಜಿನಲ್ಲೂ ಏನೂ ತೋರಿಸಬಾರದು. ಮೆಗಾಓಮ್‌ಗಳಲ್ಲಿ ಏನಾದರೂ ಕಂಡರೂ ಅನುಮಾನಿಸಿ. ಕಿಲೋಓಮ್‌ಗೆ ಇಳಿದರೆ ಅನುಮಾನವೇ ಬೇಡ, ಅದು ನೀರೇ. ಎಲೆಕ್ಟ್ರಿಷಿಯನ್ನರ ಬಳಿಯ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಕ) ಸಿಕ್ಕರೆ ಇನ್ನೂ ಒಳ್ಳೆಯದು, ಮಲ್ಟಿಮೀಟರಿನ ಒಂದೆರಡು ವೋಲ್ಟಿಗೆ ಮುಖ ತೋರಿಸದ ಸೋರಿಕೆ ಅದಕ್ಕೆ ಸಿಗುತ್ತದೆ. ಆದರೆ ಮೆಗ್ಗರ್ ಹಚ್ಚುವಾಗ ಆ ತುದಿಯಲ್ಲಿ ರೇಡಿಯೊ, ಟ್ಯೂನರ್, ಗ್ಯಾಸ್ ಟ್ಯೂಬ್ ಅರೆಸ್ಟರ್ (ಮಿಂಚುತಡೆ) ಯಾವುದೂ ಇರಬಾರದು.

ಆಂಟೆನಾ ಜೋಡಿಸಿಟ್ಟೇ ಅಳೆಯುವಿರಾದರೆ ಒಂದು ಎಚ್ಚರ. ಫೋಲ್ಡೆಡ್ ಡೈಪೋಲ್, ಹೇರ್‌ಪಿನ್ ಮ್ಯಾಚ್ ಇರುವ ಯಾಗಿ, 4:1 ವೋಲ್ಟೇಜ್ ಬಾಲನ್ (ಕೋಆಕ್ಸನ್ನು ಎರಡು ತೋಳಿನ ಆಂಟೆನಾಕ್ಕೆ ಹೊಂದಿಸುವ ಟ್ರಾನ್ಸ್‌ಫಾರ್ಮರ್) ಇವೆಲ್ಲ ಡಿಸಿಗೆ ಶಾರ್ಟ್ ಆಗಿ ಕಾಣುವುದೇ ಸಹಜ. ಅದನ್ನು ನೋಡಿ ಕೇಬಲ್ ಕತ್ತರಿಸಿದವರುಂಟು.

ಇಲ್ಲೊಂದು ಒಳ್ಳೆಯ ಉಪಾಯವಿದೆ. ಓಮ್ ರೀಡಿಂಗ್ ಬಂದರೆ ಮೀಟರಿನ ಕೆಂಪು–ಕಪ್ಪು ತಂತಿ ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಎರಡು ರೀಡಿಂಗ್‌ಗಳ ನಡುವೆ ದೊಡ್ಡ ವ್ಯತ್ಯಾಸ ಬಂದರೆ, ಅಥವಾ ಡಿಸಿ ಮಿಲಿವೋಲ್ಟ್ ರೇಂಜಿನಲ್ಲಿ ಲೈನ್ ತಾನಾಗಿಯೇ ಹತ್ತಾರು, ನೂರಾರು ಮಿಲಿವೋಲ್ಟ್ ಕೊಟ್ಟರೆ, ಒಳಗೆ ಸಣ್ಣ ಬ್ಯಾಟರಿಯೇ ಹುಟ್ಟಿದೆ: ತಾಮ್ರ, ಕನೆಕ್ಟರಿನ ನಿಕ್ಕಲ್ ಲೇಪ, ನಡುವೆ ಉಪ್ಪುನೀರು. ಒಣ ಕೇಬಲ್ಲು, ಸುಟ್ಟ ಇನ್ಸುಲೇಷನ್, ಬೆಸುಗೆಯ ಶಾರ್ಟ್ ಇವು ಯಾವುವೂ ವೋಲ್ಟೇಜ್ ಹುಟ್ಟಿಸುವುದಿಲ್ಲ.

ಆಮೇಲೆ ಆ ಕಡೆಯ ತುದಿ ಶಾರ್ಟ್ ಮಾಡಿ ಈ ಕಡೆಯಿಂದ ಸುತ್ತು ಪ್ರತಿರೋಧ ನೋಡಿ. 30 ಮೀಟರ್ ಆರ್‌ಜಿ-58ಕ್ಕೆ ಸುಮಾರು ಒಂದೂವರೆ ಓಮ್, ಆರ್‌ಜಿ-213ಕ್ಕೆ 0.3 ಓಮ್ ಆಸುಪಾಸು. ಮೀಟರಿನ ಸ್ವಂತ ತಂತಿಗಳ ಪ್ರತಿರೋಧವನ್ನು ಕಳೆಯಲು ಮರೆಯಬೇಡಿ, ಇಲ್ಲಿ ಅದೇ ದೊಡ್ಡದು. ರೀಡಿಂಗ್ ಇದಕ್ಕಿಂತ ಬಹಳ ಹೆಚ್ಚಿದ್ದರೆ, ಅಥವಾ ಕನೆಕ್ಟರ್ ಅಲುಗಿಸಿದಾಗ ಕುಣಿದರೆ ಬ್ರೇಡ್ ತಿಂದುಹೋಗಿದೆ ಇಲ್ಲವೇ ಬೆಸುಗೆ ಬಿಟ್ಟಿದೆ.

ಮಲ್ಟಿಮೀಟರ್ ಪಾಸು ಮಾಡಿದ ಕೇಬಲ್ ಚೆನ್ನಾಗಿದೆ ಎಂದು ಮಾತ್ರ ತೀರ್ಮಾನಿಸಬೇಡಿ. ಬ್ರೇಡಿನ ಎಳೆಗಳ ಮೇಲೆ ಕಿಲುಬು ಕವಿದರೆ ಡಿಸಿಗೆ ದಾರಿ ಇದ್ದೇ ಇರುತ್ತದೆ. ಆದರೆ ರೇಡಿಯೊ ಆವರ್ತನದ ಕರೆಂಟು ಹರಿಯುವುದು ತಾಮ್ರದ ಮೇಲ್ಪದರದಲ್ಲಿ, ಎಳೆಯಿಂದ ಎಳೆಗೆ ದಾಟುತ್ತ. ಅದಕ್ಕೆ ಆ ಕಿಲುಬೇ ಅಡ್ಡಗೋಡೆ.

ನಷ್ಟ ಅಳೆಯುವುದು

ಆಂಟೆನಾ ಕಡೆಯ ತುದಿಯನ್ನು ತೆರೆದಿಡಿ, ಇಲ್ಲವೇ ಶಾರ್ಟ್ ಮಾಡಿ. ಕೆಳಗಿನಿಂದ ನ್ಯಾನೊ ವಿಎನ್‌ಎ ಹಚ್ಚಿ ರಿಟರ್ನ್ ಲಾಸ್ (ಹೋಗಿ ಮರಳಿದ ಶಕ್ತಿ ಎಷ್ಟು ಡಿಬಿ ಕಡಿಮೆ ಎಂಬುದು) ಓದಿ ಅರ್ಧ ಮಾಡಿ. ಅದೇ ಒಂದು ದಿಕ್ಕಿನ ನಷ್ಟ. ತೆರೆದಾಗೊಮ್ಮೆ, ಶಾರ್ಟ್ ಮಾಡಿದಾಗೊಮ್ಮೆ ಅಳೆದು ಸರಾಸರಿ ತೆಗೆದರೆ ಹೆಚ್ಚು ನಂಬಬಹುದು. ಬರೀ ಎಸ್‌ಡಬ್ಲ್ಯೂಆರ್ ಮೀಟರ್ ಇದ್ದರೂ ಸಾಕು, ಕಡಿಮೆ ಪವರ್‌ನಲ್ಲಿ, ಒಂದೆರಡು ಸೆಕೆಂಡು ಮಾತ್ರ. ಎಸ್‌ಡಬ್ಲ್ಯೂಆರ್‌ಗೆ 1 ಕೂಡಿಸಿ, ಅದನ್ನು ಎಸ್‌ಡಬ್ಲ್ಯೂಆರ್‌ನಿಂದ 1 ಕಳೆದ ಸಂಖ್ಯೆಯಿಂದ ಭಾಗಿಸಿ, ಅದರ ಲಾಗ್ ತೆಗೆದು 10ರಿಂದ ಗುಣಿಸಿ. ಲೆಕ್ಕ ಬೇಡವೆಂದರೆ ಇಷ್ಟು ನೆನಪಿರಲಿ: ಆಂಟೆನಾ ಬಿಚ್ಚಿದ ಲೈನ್ 10 ತೋರಿಸಿದರೆ ನಷ್ಟ 0.9 ಡಿಬಿ, 5 ತೋರಿಸಿದರೆ 1.8, 3 ತೋರಿಸಿದರೆ 3, 2 ತೋರಿಸಿದರೆ 4.8, 1.5 ತೋರಿಸಿದರೆ 7 ಡಿಬಿ. ಇಲ್ಲಿ ಎಸ್‌ಡಬ್ಲ್ಯೂಆರ್ ಹೆಚ್ಚಿದ್ದಷ್ಟೂ ಕೇಬಲ್ ಒಳ್ಳೆಯದು.

30 ಮೀಟರ್ ಒಳ್ಳೆಯ ಆರ್‌ಜಿ-213, 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2.6 ಡಿಬಿ ನಷ್ಟ, ಎಸ್‌ಡಬ್ಲ್ಯೂಆರ್ 3.4ರ ಹತ್ತಿರ ಕೊಡಬೇಕು. ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಬರೀ ಅರ್ಧ ಡಿಬಿ. ಎಸ್‌ಡಬ್ಲ್ಯೂಆರ್ 17ರ ಆಸುಪಾಸು, ಸಾಮಾನ್ಯ ಮೀಟರ್ ಅಲ್ಲಿ ಓದಲಾರದು. ಆದ್ದರಿಂದ ನೀವು 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಬಿಟ್ಟು ಬೇರೆ ಕಡೆ ಹೋಗದವರಾದರೂ ಕೇಬಲ್ ಪರೀಕ್ಷೆಯನ್ನು 145ರಲ್ಲೇ ಮಾಡಿ. ಕೆಳ ಆವರ್ತನ ಮುಚ್ಚಿಡುವ ತೇವವನ್ನು ಮೇಲಿನ ಆವರ್ತನ ಎತ್ತಿ ತೋರಿಸುತ್ತದೆ.

ಒಣ ದಿನದ ಲೆಕ್ಕ ಇಲ್ಲದೆ ಒದ್ದೆ ದಿನದ ಲೆಕ್ಕಕ್ಕೆ ಅರ್ಥ ಕಡಿಮೆ. ಏಪ್ರಿಲ್‌ನಲ್ಲಿ, ಭರಣಿ ಮಳೆಗೆ ಮುಂಚೆ, ಪ್ರತಿ ಲೈನಿನ ತೆರೆದ ತುದಿಯ ರಿಟರ್ನ್ ಲಾಸ್, ಡಿಸಿ ರೀಡಿಂಗ್, ಆಂಟೆನಾ ಸಹಿತದ ಎಸ್‌ಡಬ್ಲ್ಯೂಆರ್ ಕೆಳಗಿಳಿಯುವ ಆವರ್ತನ ಇಷ್ಟನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ನಷ್ಟ ಅರ್ಧ ಡಿಬಿಗಿಂತ ಹೆಚ್ಚು ಏರಿದರೆ ಹುಡುಕಲು ಶುರು ಮಾಡಿ.

ಕೇಬಲ್ಲೋ ಆಂಟೆನಾವೋ ಎಂಬ ಜಗಳ ಬಗೆಹರಿಯದಿದ್ದರೆ ಆಂಟೆನಾದ ಜಾಗದಲ್ಲಿ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿ ಹೀರುವ 50 ಓಮ್ ಪ್ರತಿರೋಧ) ಹಾಕಿ. 2 ವ್ಯಾಟಿನ 100 ಓಮ್ ಫಿಲ್ಮ್ ರೆಸಿಸ್ಟರ್ ಎರಡನ್ನು ಒಂದಕ್ಕೊಂದು ಪ್ಯಾರಲಲ್ ಆಗಿ ಎಸ್‌ಒ-239 ಸಾಕೆಟಿಗೆ, ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ ಬೆಸೆದರೆ ಆಯಿತು. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ಕಾಯಿಲ್ ಆಗಿಬಿಡುತ್ತದೆ. ಈ ಲೋಡಿನೊಂದಿಗೂ ಎಸ್‌ಡಬ್ಲ್ಯೂಆರ್ ಗ್ರಾಫ್ ಏರಿಳಿದರೆ ಲೈನಿನ ನಡುವೆ ಎಲ್ಲೋ ಗಂಟು ಇದೆ.

ಎಷ್ಟು ಮೀಟರ್ ದೂರದಲ್ಲಿ

ನ್ಯಾನೊ ವಿಎನ್‌ಎಯ ಟಿಡಿಆರ್ (ದೋಷ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಅಳತೆ) ಇದಕ್ಕೆ ಸಾಕು. ಗಟ್ಟಿ ಪಾಲಿಥೀನ್ ತುಂಬಿದ ಕೇಬಲ್ಲಿಗೆ ವೆಲಾಸಿಟಿ ಫ್ಯಾಕ್ಟರ್ (ಕೇಬಲ್ಲಿನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಎಷ್ಟು ಭಾಗ ಎಂಬುದು) 0.66 ಕೊಡಿ, ಫೋಮ್ ಕೇಬಲ್ಲಿಗೆ 0.80ರಿಂದ 0.85, ಸರಿಯಾದ ಅಂಕಿ ಕೇಬಲ್ಲಿನ ವಿವರಪಟ್ಟಿಯಲ್ಲಿರುತ್ತದೆ. 30 ಮೀಟರ್ ಲೈನ್ ಪೂರ್ತಿ ಪರದೆಗೆ ಬರಬೇಕಾದರೆ ಸ್ವೀಪನ್ನು (ಅಳೆಯುವ ಆವರ್ತನಗಳ ಹರವನ್ನು) 100 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸಿ. ಸ್ವೀಪ್ ಅಗಲವಾದಷ್ಟೂ ಸೂಕ್ಷ್ಮ ಕಾಣುತ್ತದೆ ನಿಜ, ಆದರೆ ದೂರ ಕಾಣುವುದಿಲ್ಲ. ಒಳಗೆ ನೀರಿರುವ ಜಾಗದಲ್ಲಿ ಇಂಪಿಡೆನ್ಸ್ (ರೇಡಿಯೊ ಸಂಕೇತಕ್ಕೆ ಲೈನ್ ಒಡ್ಡುವ ಪ್ರತಿರೋಧ) 50 ಓಮ್‌ನಿಂದ ಕೆಳಗೆ ತಗ್ಗುತ್ತದೆ: ಪಾಲಿಥೀನ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ 2.3 ಇದ್ದರೆ ನೀರಿನದು 80ರ ಹತ್ತಿರ. ಬ್ರೇಡ್ ಕಡಿದಿದ್ದರೆ ಅದೇ ಗ್ರಾಫ್ ಮೇಲಕ್ಕೆ ನೆಗೆಯುತ್ತದೆ. 30 ಮೀಟರ್ ಎಂದು ನಿಮಗೆ ಖಚಿತವಾಗಿ ಗೊತ್ತಿರುವ ಕೇಬಲ್ 31 ಎಂದು ಕಂಡರೆ, ನೀರು ಒಂದೇ ಕಡೆ ನಿಲ್ಲದೆ ಉದ್ದಕ್ಕೂ ಹರಡಿದೆಯೋ ಎಂದು ನೋಡಿ.

ಉಪಕರಣ ಇಲ್ಲದಿದ್ದರೂ ಜಾಗಗಳನ್ನು ಊಹಿಸಬಹುದು, ನೀರಿಗೆ ಕಲ್ಪನಾಶಕ್ತಿ ಕಡಿಮೆ. ಮೊದಲನೆಯದು ಡೈಪೋಲಿನ ಫೀಡ್‌ಪಾಯಿಂಟ್. ಕೋಆಕ್ಸಿನ ತುದಿ ಸೀಳಿ ಬ್ರೇಡ್ ಒಂದು ಕಡೆ, ಒಳತಂತಿ ಇನ್ನೊಂದು ಕಡೆ ನೇರವಾಗಿ ಕಟ್ಟಿದ್ದರೆ ಆ ಬ್ರೇಡ್ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಒಳಗೆಳೆಯುತ್ತದೆ. ಕೇಬಲ್ ಅಲ್ಲಿಂದ ಕೆಳಮುಖವಾಗಿಯೇ ಇಳಿಯುವುದರಿಂದ ಭೂಮಿಯ ಸೆಳೆತವೂ ನೀರಿನ ಪರವೇ. ಎಷ್ಟೋ ಸಲ ರೇಡಿಯೊ ಕೋಣೆಯೊಳಗಿನ ಕನೆಕ್ಟರ್ ಬಿಚ್ಚಿದಾಗ ಮೇಜಿನ ಮೇಲೆ ಹನಿ ಬೀಳುವುದು ಹೀಗೆ: ನೀರು ಹೊಕ್ಕಿದ್ದು ಹನ್ನೆರಡು ಮೀಟರ್ ಮೇಲೆ.

ಎರಡನೆಯದು ಹೊರಗಿರುವ ಪಿಎಲ್-259. ಅದು ನೀರು ತಡೆಯಲೆಂದು ಮಾಡಿದ ಕನೆಕ್ಟರ್ ಅಲ್ಲವೇ ಅಲ್ಲ. ಎನ್ ಟೈಪಿನಲ್ಲಿ ರಬ್ಬರ್ ಗ್ಯಾಸ್ಕೆಟ್ ಇದೆ, ಆದರೂ ಕೇಬಲ್ ಹೊರಬರುವ ಹಿಂಬದಿಯನ್ನು ಸುತ್ತಿ ಮುಚ್ಚಬೇಕು. ಹಗಲು ಕಾದ ಕನೆಕ್ಟರ್ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ರಾತ್ರಿ ತಣಿದು ಒಳಗೆಳೆಯುತ್ತದೆ. ಮಲೆನಾಡಿನ ಜುಲೈಯಲ್ಲಿ ಎಳೆದುಕೊಳ್ಳುವುದು ಗಾಳಿಗಿಂತ ಹೆಚ್ಚಾಗಿ ಪಸೆಯನ್ನೇ. ಹೀಗೆ ಒಂದು ಹನಿ ಮಳೆಯೂ ನೇರ ಬೀಳದ ಸೂರಿನಡಿಯ ಕನೆಕ್ಟರಿನಲ್ಲೂ ನೀರು ಕಟ್ಟುವುದುಂಟು.

ಮೂರನೆಯದು ಜಾಕೆಟ್. ಬಿಸಿಲಿಗೆ ಬಿರಿದ ಪಿವಿಸಿ, ಅಳಿಲು ಕಡಿದ ಜಾಗ, ಕಂಬಕ್ಕೆ ಬಿಗಿದ ಕೇಬಲ್ ಟೈ ಕೊರೆದ ಜಾಗ, ಗಾಳಿಗೆ ಹೆಂಚಿನ ಅಂಚಿಗೆ ಉಜ್ಜಿ ತೆಳುವಾದ ಜಾಗ. ಬಟ್ಟೆಯಲ್ಲಿ ಒರೆಸುತ್ತ ಇಡೀ ಉದ್ದ ಬೆರಳಾಡಿಸಿ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ನೆಲದಡಿ ಪಿವಿಸಿ ಪೈಪಿನಲ್ಲಿ ಹೋದ ಕೇಬಲ್ ಸುರಕ್ಷಿತ ಎಂಬ ನಂಬಿಕೆಯೂ ಬೇಡ. ಆ ಪೈಪು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾವಿ. ತಗ್ಗಿನಲ್ಲಿ ನೀರು ಬಸಿಯುವ ತೂತು ಇರಲೇಬೇಕು.

ಹೊರಗೋಡೆಯ ಮೇಲಿನ ಮಿಂಚು ಅರೆಸ್ಟರ್ ಕೂಡ ಮರೆಯುವ ಜಾಗ. ಅದನ್ನು ಬಿಟ್ಟು ಬ್ಯಾರೆಲ್ ಕನೆಕ್ಟರಿನಿಂದ ನೇರ ಜೋಡಿಸಿ ಮತ್ತೆ ಅಳೆಯಿರಿ. ಪರೀಕ್ಷೆ ಮುಗಿದೊಡನೆ ಅರೆಸ್ಟರ್ ಮತ್ತೆ ಹಾಕಿ.

ಕತ್ತರಿಸಿ ನೋಡುವುದು

ಸಂಶಯದ ತುದಿಯಿಂದ ಕನೆಕ್ಟರ್ ಕತ್ತರಿಸಿ 5 ಸೆಂಟಿಮೀಟರ್ ಜಾಕೆಟ್ ಸುಲಿಯಿರಿ. ಬ್ರೇಡ್ ಹೊಸ ತಂಬಿಗೆಯಂತೆ ಹೊಳೆಯಬೇಕು. ಕಂದುಬಣ್ಣ ಬಂದಿದ್ದರೆ ಹಳೆಯದಾಗಿದೆ. ಕಪ್ಪು ಅಥವಾ ಹಸಿರು ಕಂಡರೆ 30 ಸೆಂಟಿಮೀಟರ್ ಹಿಂದಕ್ಕೆ ಹೋಗಿ ಮತ್ತೆ ಕತ್ತರಿಸಿ. ಹೊಳಪು ಸಿಗುವವರೆಗೆ ಹೀಗೇ. ಎರಡು ಮೀಟರ್ ಕತ್ತರಿಸಿದರೂ ಹೊಳಪು ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ, ಆ ಕೇಬಲ್ ಬಟ್ಟೆ ಒಣಹಾಕುವುದಕ್ಕೆ ಒಳ್ಳೆಯದು. ಬಿಸಿಲಿಗೆ ಹರವುವುದು, ಹೇರ್ ಡ್ರೈಯರ್ ಊದುವುದು ಕನೆಕ್ಟರಿನ ಬಾಯಿಯ ಒಂದೆರಡು ಇಂಚಿಗಷ್ಟೇ ಉಪಯೋಗ.

ಕರಾವಳಿಯಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿದ ಕೇಬಲ್ ಇನ್ನೂ ಬೇಗ ಸಾಯುತ್ತದೆ. ಎಲ್‌ಎಂಆರ್-400 ಬಗೆಯವುಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪದ ತಾಮ್ರದ ಬ್ರೇಡ್ ಇರುತ್ತದೆ, ಉಪ್ಪುನೀರು ಸಿಕ್ಕರೆ ಎರಡೂ ಲೋಹ ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಕೇಬಲ್ ಟಿವಿಯವರ ಆರ್‌ಜಿ-6 ಎಳೆದವರೂ ಆ ಬಿಳಿ ಪುಡಿ ಹುಡುಕಿ ನೋಡಿ. ನಷ್ಟ ಕಡಿಮೆ ಎಂದು ದುಬಾರಿ ಕೇಬಲ್ ತಂದು ಬಾಯಿ ಸರಿಯಾಗಿ ಕಟ್ಟದಿದ್ದರೆ ಎರಡನೇ ಮಳೆಗಾಲಕ್ಕೆ ಅದು ಆರ್‌ಜಿ-58ಕ್ಕಿಂತ ಕಡೆ.

ಬಾಯಿ ಕಟ್ಟುವುದು

ಸೆಲ್ಫ್ ಅಮಾಲ್ಗಮೇಟಿಂಗ್ ರಬ್ಬರ್ ಟೇಪ್ ತನ್ನ ಮೇಲೆ ತಾನೇ ಬೆರೆತು ಒಂದೇ ತುಂಡಾಗುತ್ತದೆ, ಆದರೆ ಎಳೆದು ಸುತ್ತಿದರೆ ಮಾತ್ರ: ಅಗಲ ಮುಕ್ಕಾಲು ಭಾಗಕ್ಕೆ ಇಳಿಯುವಷ್ಟು ಎಳೆಯಿರಿ. ಸಡಿಲ ಸುತ್ತಿದರೆ ಅದು ಬರೀ ಬ್ಯಾಂಡೇಜು. ಕನೆಕ್ಟರನ್ನು ಒರೆಸಿ ಒಣಗಿಸಿ. ಮೊದಲು ಒಂದು ಪದರ ಪಿವಿಸಿ ಟೇಪ್, ಮುಂದೆ ಬಿಚ್ಚುವಾಗ ಕೈಗೆ ಅಂಟದಿರಲಿ ಎಂದು. ಅದರ ಮೇಲೆ ರಬ್ಬರ್ ಟೇಪನ್ನು ಕನೆಕ್ಟರಿನ ಎರಡೂ ಬದಿಗೆ ಕೇಬಲ್ ಮೇಲೆ 5 ಸೆಂಟಿಮೀಟರ್ ದಾಟುವಂತೆ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಸುತ್ತಿ. ಕಡೆಗೆ ಬಿಸಿಲಿನ ರಕ್ಷಣೆಗೆ ಎರಡು ಪದರ ಕಪ್ಪು ಪಿವಿಸಿ ಟೇಪ್. ಹೊರಗಿನ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಆಗ ಮಂಗಳೂರು ಹೆಂಚಿನಂತೆ ಮೇಲಿನ ಪದರ ಕೆಳಗಿನದರ ಮೇಲೆ ಕೂತು ನೀರು ಜಾರುತ್ತದೆ. ಮೇಲಿನಿಂದ ಕೆಳಗೆ ಸುತ್ತಿದರೆ ಪ್ರತಿ ಅಂಚೂ ಒಂದು ಬೊಗಸೆ. ಕೊನೆಯ ತುಂಡನ್ನು ಎಳೆದು ಹರಿಯಬೇಡಿ, ಕತ್ತರಿಯಿಂದ ಕತ್ತರಿಸಿ ಮೆತ್ತಗೆ ಒತ್ತಿ. ಎಳೆದ ಟೇಪ್ ಬಿಸಿಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿಲಿಕೋನ್ ಹಚ್ಚುವುದಾದರೆ ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಅದು ಅಸಿಟಿಕ್ ಬಗೆ, ಗಟ್ಟಿಯಾಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ತನ್ನಿ.

ಬಾಲನ್ ಡಬ್ಬಿಯನ್ನು ಪೂರ್ತಿ ಮುಚ್ಚಿ ಗೆದ್ದೆ ಎಂದುಕೊಳ್ಳಬೇಡಿ. ಕೇಬಲ್ಲೂ ತಂತಿಯೂ ಕೆಳಗಿನಿಂದ ಅಥವಾ ಬದಿಯಿಂದ ಬರಲಿ, ತೀರ ತಳದಲ್ಲಿ 3 ಮಿಲಿಮೀಟರಿನ ಒಂದು ತೂತಿರಲಿ. ಇರುವೆ ಗೂಡು ಕಟ್ಟದಂತೆ ಅದಕ್ಕೊಂದು ಸಣ್ಣ ಜಾಲರಿ. ಕೇಬಲ್ ಮನೆಯೊಳಗೆ ಬರುವ ಕಿಟಕಿಗೆ ಮುಂಚೆ ಒಂದು ಡ್ರಿಪ್ ಲೂಪ್ ಬಿಡಿ. ಕೇಬಲ್ ತೂತಿಗಿಂತ ಒಂದು ಗೇಣು ಕೆಳಗೆ ಇಳಿದು ಮತ್ತೆ ಏರಬೇಕು. ಆರ್‌ಜಿ-213 ಅನ್ನು 10 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬೇಡಿ.

ಲ್ಯಾಡರ್ ಲೈನ್ ಬೇರೆಯೇ ಜಾತಿ

450 ಓಮ್ ಕಿಟಕಿ ಲೈನ್ (ನಡುವಿನ ಪಟ್ಟಿಯಲ್ಲಿ ಕಿಟಕಿಯಂತೆ ತೂತುಗಳಿರುವ ಲ್ಯಾಡರ್ ಲೈನ್) ನೆನೆದಾಗ ಕೆಡುವುದಿಲ್ಲ, ಬದಲಾಗುತ್ತದೆ. ಎರಡು ತಂತಿಗಳ ನಡುವಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನೀರಿನ ಪೊರೆ ನಿಲ್ಲುತ್ತದೆ, ವಿದ್ಯುತ್ ಕ್ಷೇತ್ರ ಹಾಯುವುದು ಅಲ್ಲಿಂದಲೇ. ಇಂಪಿಡೆನ್ಸ್, ವೆಲಾಸಿಟಿ ಫ್ಯಾಕ್ಟರ್ ಎರಡೂ ಇಳಿದು ಲೈನ್ ವಿದ್ಯುತ್ ಲೆಕ್ಕದಲ್ಲಿ ಉದ್ದವಾಗುತ್ತದೆ, ನಿನ್ನೆಯ ಟ್ಯೂನರ್ ಸ್ಥಾನ ಇಂದು ಕೂಡುವುದಿಲ್ಲ. ಪ್ರತಿ ಬ್ಯಾಂಡಿಗೆ ಒಣ ಸ್ಥಾನ, ಒದ್ದೆ ಸ್ಥಾನ ಎರಡನ್ನೂ ಬರೆದಿಟ್ಟರೆ ಅರ್ಧ ತಲೆನೋವು ಕಡಿಮೆ. ಮರುಟ್ಯೂನ್ ಮಾಡಿದ ಮೇಲೂ ಟ್ಯೂನರ್ ಬಿಸಿಯಾದರೆ, ಸಂಕೇತ ದುರ್ಬಲವಾದರೆ ನಷ್ಟವೂ ಏರಿದೆ ಎಂದರ್ಥ. ಹಳೆಯ ಟಿವಿಯ 300 ಓಮ್ ಚಪ್ಪಟೆ ರಿಬ್ಬನ್ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಮಲೆನಾಡಿನಲ್ಲಿ ಹೊರಗೆ ಎಳೆಯಲೇಬೇಡಿ.

ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಾರಿನ ಮೇಣದ ಪಾಲಿಶ್ ಹಚ್ಚಿದರೆ ನೀರು ಪೊರೆಯಾಗದೆ ಹನಿಯಾಗಿ ಉದುರುತ್ತದೆ. ಕೆಲವು ವಾರಗಳ ಪರಿಹಾರ ಅಷ್ಟೇ. ನಿಜವಾದ ಪರಿಹಾರ ತೆರೆದ ತಂತಿಯ ಲೈನ್. 16 ಗೇಜಿನ ತಾಮ್ರದ ತಂತಿ ಎರಡನ್ನು 10 ಸೆಂಟಿಮೀಟರ್ ಅಂತರದಲ್ಲಿ ಹಿಡಿದರೆ ಸುಮಾರು 575 ಓಮ್ ಬರುತ್ತದೆ. ಅಡ್ಡಕಡ್ಡಿ ಅಕ್ರಿಲಿಕ್ ಅಥವಾ ಪಿವಿಸಿಯದು, ಮುಕ್ಕಾಲು ಮೀಟರಿಗೊಂದು. ಕಡ್ಡಿ ಕಡಿಮೆಯಾದಷ್ಟೂ ನೀರು ನಿಲ್ಲುವ ಜಾಗ ಕಡಿಮೆ, ಆದರೆ ಮುಂಗಾರಿನ ಗಾಳಿಗೆ ತಂತಿಗಳು ತಾಗದಷ್ಟಾದರೂ ಇರಬೇಕು. ಲೈನ್ ಗೋಡೆ, ಜಿಐ ಕಂಬ, ಶೀಟಿನ ಸೂರಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ ಇರಲಿ; ಒದ್ದೆ ಗೋಡೆಯನ್ನು ಲೋಹದಷ್ಟೇ ಅಪನಂಬಿ.

ಲೈನ್ ಬದಲಿಸಿದ ಮೇಲೂ ಮಳೆ ಬಂದಾಗಲೆಲ್ಲ ಟ್ಯೂನಿಂಗ್ ಓಡಾಡಿದರೆ ಡೈಪೋಲಿನ ಎರಡು ತುದಿ ನೋಡಿ. ವೋಲ್ಟೇಜ್ ಅತಿ ಹೆಚ್ಚಿರುವುದು ಅಲ್ಲಿ. ತಂತಿಯ ತುದಿಯನ್ನು ತೆಂಗಿನ ನಾರಿನ ಹಗ್ಗಕ್ಕೆ ನೇರವಾಗಿ ಗಂಟು ಹಾಕಿದ್ದರೆ ಒಣ ದಿನ ಅದು ಇನ್ಸುಲೇಟರ್, ಜುಲೈಯಲ್ಲಿ ಅದೇ ಸೋರುವ ತಂತಿ. ನಡುವೆ ಪಿಂಗಾಣಿ ಅಥವಾ ಗಟ್ಟಿ ಪ್ಲಾಸ್ಟಿಕ್ ಇನ್ಸುಲೇಟರ್ ಹಾಕಿ, ಆಚೆಗೆ ಪಾಲಿಪ್ರೊಪಿಲೀನ್ ಹಗ್ಗ ಕಟ್ಟಿ, ಚಿಗುರಿದ ಕೊಂಬೆಯಿಂದ ತುದಿಯನ್ನು ಒಂದು ಮೀಟರ್ ಈಚೆಗೆ ಎಳೆದಿಡಿ.